ಭಾವನ ಗಂಟೆ ಎಲ್ಲಿಂದ ಶುರು

ಮೊನ್ನೆ ನನ್ನ ಹೊಲಿಗೆ ಅಂಗಡಿಯ ಷಟರ್ ಅರ್ಧಕ್ಕೆ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ನಾನೋ ದಪ್ಪಗಿನ ಹೆಂಗಸು, ಬಗ್ಗಿ ಒಳಗೆ ನುಸುಳುವಷ್ಟರಲ್ಲಿ ಬಂಗಾರಪೇಟೆ ಬಜಾರಿನ ಅರ್ಧ ಜನಕ್ಕೆ ಬಿಟ್ಟಿ ತಮಾಷೆ ಆಯಿತು. ಎದುರಂಗಡಿಯವರು ಯಾವುದೋ ನಂಬರ್ ಕೊಟ್ಟರು. ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಒಬ್ಬಾತ ಬಂದ. ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾದ, ಹೆಚ್ಚು ಮಾತಿಲ್ಲದ ಮನುಷ್ಯ. ಆ ಪೆಟ್ಟಿಗೆಯೇ ವೆಲ್ಡಿಂಗ್ ಮಿಷಿನ್ ಅಂತೆ, ಟಿಫನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದು. ನನ್ನ ಅಂಗಡಿಯ ಪ್ಲಗ್ಗಿಗೇ ಸಿಕ್ಕಿಸಿದ. ಗಂಟೆ ಲೆಕ್ಕ ಎಂದು ಮೊದಲೇ ಹೇಳಿ, ಮೊಬೈಲಿನಲ್ಲಿ ಟೈಮ್ ಓಡಲು ಬಿಟ್ಟು, ಅದನ್ನು ಕಟಿಂಗ್ ಟೇಬಲ್ ಮೇಲೆ ನನಗೆ ಕಾಣುವ ಹಾಗೆ ಒರಗಿಸಿಟ್ಟ. ಆಮೇಲೆ ರಾಡ್ ತಾಗಿಸಿದ. ಚಿರ್ರೆಂದು ಹೊಗೆ ಎದ್ದು ಆ ವಾಸನೆ ಬಂತು.

ಆ ವಾಸನೆ ನಿಮಗೂ ಗೊತ್ತಿರಬಹುದು. ಹಳೇ ನಾಣ್ಯವನ್ನು ನಾಲಿಗೆ ಮೇಲೆ ಇಟ್ಟುಕೊಂಡ ಹಾಗಿರುತ್ತದೆ. ನನ್ನ ಮಟ್ಟಿಗೆ ಅದು ಚಲಪತಿ ಭಾವನ ವಾಸನೆ. ಚಲಪತಿ ಭಾವ ಅಂದರೆ ನನ್ನ ಅಕ್ಕ ನಾಗರತ್ನಳ ಗಂಡ. ಮದುವೆಯಾದ ಹೊಸದರಲ್ಲಿ ಅಕ್ಕ ಅವನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಷರ್ಟಿನ ತುಂಬ ಕಿಡಿ ಬಿದ್ದ ತೂತುಗಳು. ಅವಕ್ಕೆ ತೇಪೆ ಹಾಕಿ ಹಾಕಿಯೇ ನಾನು ಹೊಲಿಗೆ ಕಲಿತೆ ಎಂದರೆ ಸುಳ್ಳಲ್ಲ.

ಭಾವ ಹುಟ್ಟಿದ್ದು ಮಾರಿಕುಪ್ಪಂನಲ್ಲಿ, ರೈಲು ಮುಗಿಯುವ ಊರಿನಲ್ಲಿ. ಅವನ ಅಪ್ಪ ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಕಬ್ಬಿಣದ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಭಾವ ಒಂದು ಲಗೇಜ್ ಆಟೊ ಮೇಲೆ ಡೀಸೆಲ್ ಜನರೇಟರು, ವೆಲ್ಡಿಂಗ್ ಸೆಟ್ಟು ಕೂರಿಸಿಕೊಂಡು ಕ್ಯಾಸಂಬಳ್ಳಿ, ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ ಹೊರಟ. ಮುರಿದ ಕೊಟ್ಟಿಗೆ ಗೇಟು, ಟ್ರ್ಯಾಕ್ಟರ್ ಟ್ರೇಲರಿನ ಕೊಕ್ಕೆ, ಬಾವಿ ಪಂಪಿನ ಸ್ಟ್ಯಾಂಡು, ಏನಿದ್ದರೂ ಇದ್ದಲ್ಲಿಗೇ ಹೋಗಿ ಬೆಸೆದು ಬರುವುದು. ಮನೆಯಲ್ಲಿ ಕನ್ನಡ, ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ತಮಿಳು, ಕಾಮಸಮುದ್ರ ದಾಟಿದರೆ ತೆಲುಗು. ಮೂರರಲ್ಲೂ ಬಾಯಿ ಮುಚ್ಚುತ್ತಿರಲಿಲ್ಲ. ಸಂಜೆ ಮನೆಗೆ ಬಂದನೆಂದರೆ ಯಾರ ಹಸು ಗಬ್ಬವಾಗಿದೆ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಎಲ್ಲ ವರದಿಯನ್ನೂ ಒಪ್ಪಿಸುತ್ತಿದ್ದ. ದುಡ್ಡಿನ ವಿಷಯ ಮಾತ್ರ ಅಕ್ಕನೇ ಕೇಳಬೇಕು.

ಕೇಳಿದರೆ ಹೇಳುವುದಕ್ಕೂ ಹೆಚ್ಚೇನೂ ಇರುತ್ತಿರಲಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ವೆಲ್ಡಿಂಗಿಗೆ ದುಡ್ಡು ಕೊಡುವುದು ರಾಡಿನ ಲೆಕ್ಕದಲ್ಲಿ. ರಾಡ್ ಅಂದರೆ ಮೊಳದುದ್ದದ ಕಡ್ಡಿ, ಊದಿನಕಡ್ಡಿಯ ಹಾಗೆ ಉರಿದು ಕರಗಿ ಕಬ್ಬಿಣಕ್ಕೆ ಕಬ್ಬಿಣ ಅಂಟಿಸುತ್ತದೆ. ಕೆಲಸ ಮುಗಿದ ಮೇಲೆ ಮನೆಯವರು ನೆಲದ ಮೇಲೆ ಬಿದ್ದ ಮೋಟು ಕಡ್ಡಿಗಳನ್ನು ಆರಿಸಿ, ಎಣಿಸಿ, ರಾಡಿಗೆ ಇಷ್ಟೆಂದು ಕೊಡುತ್ತಾರೆ. ಎಲ್ಲರಿಗೂ ಇದೇ ಪದ್ಧತಿ. ಆದರೆ ನಮ್ಮ ಭಾವನ ಕೈ ಒಳ್ಳೆಯದು, ಅಲ್ಲೇ ಎಡವಟ್ಟು. ಬೇರೆಯವರು ನಾಲ್ಕು ರಾಡ್ ಸುಡುವ ಕಡೆ ಇವನು ಎರಡರಲ್ಲಿ ಮುಗಿಸುತ್ತಿದ್ದ. ಕೈ ಕುದುರಿದಷ್ಟೂ ಸಂಪಾದನೆ ಕಮ್ಮಿ. ಬಗ್ಗಿಹೋದ ನೇಗಿಲಿನ ಹಲ್ಲನ್ನು ಬಡಿದು ನೆಟ್ಟಗೆ ಮಾಡಲು ಬೆಳಗಿನಿಂದ ಮಧ್ಯಾಹ್ನ, ಅಂಟಿಸಲು ಒಂದೇ ರಾಡ್. ಸಿಗುವುದು ಒಂದು ರಾಡಿನ ದುಡ್ಡು, ಒಂದು ಮುದ್ದೆ, ಸೊಪ್ಪಿನ ಸಾರು, ಎರಡು ಸಲ ಕಾಫಿ.

ಅಕ್ಕ ಎಷ್ಟು ದಿನ ಸಹಿಸಿಯಾಳು? ಮಾಲೂರು ಕಡೆಯ ಒಂದು ಫ್ಯಾಕ್ಟರಿಗೆ ಆಳು ಸೇರಿಸುವ ಕಂಟ್ರಾಕ್ಟರ್ ಒಬ್ಬನ ಹತ್ತಿರ ಮಾತಾಡಿಬಂದಳು. ವೆಲ್ಡರ್ ಕೆಲಸ, ತಿಂಗಳಿಗೆ ಸಂಬಳ, ದೀಪಾವಳಿವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ ಎಂದಿದ್ದನಂತೆ. ಭಾವ ಒಂದು ದಿನ ಹೋಗಿ ನೋಡಿಬಂದ. ಸೀದಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಸಾಲಾಗಿ ಕೂತು ಇಡೀ ದಿನ ಒಂದೇ ಥರದ ಬೆಸುಗೆ ಹಾಕುತ್ತಾರೆ ಎಂದ. ಅವನು ನನ್ನನ್ನು ಪಾಪಾ ಎಂದೇ ಕರೆಯುತ್ತಿದ್ದದ್ದು.

“ಅಲ್ಲಿ ಯಾರೂ ಯಾರ್ನೂ ಮಾತಾಡ್ಸಲ್ಲ ಪಾಪಾ.”

ಹೇಳಿದ್ದು ಅಷ್ಟೇ. ನಾನು ಅವತ್ತೇ ಸಂಜೆ ಅಂಗಡಿ ಬೇಗ ಮುಚ್ಚಿ ಅಕ್ಕನ ಮನೆಗೆ ಹೋದೆ. ಅಕ್ಕನ ಕೈಕಾಲು ಹಿಡಿದು ಒಂದು ರಾಜಿ ಮಾಡಿಸಿದೆ. ದೀಪಾವಳಿವರೆಗೆ ರಾಡಿನ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಮಾಡಿ ನೋಡುವುದು. ಆಗಲಿಲ್ಲವೋ, ಆಟೊ ಮಾರಿ ಫ್ಯಾಕ್ಟರಿಗೆ.

ರೇಟು ಕಟ್ಟಿದ್ದು ನನ್ನ ಕಟಿಂಗ್ ಟೇಬಲ್ ಮೇಲೆ, ಹೊಲಿಗೆಯ ಸೀಮೆಸುಣ್ಣದಲ್ಲಿ. ಡೀಸೆಲ್, ರಾಡು, ಆಟೊ ಸವೆತ, ಇವನ ಮೈಕೈ ನೋವು. ಅಕ್ಕ ಗಂಟೆಗೆ ನಾನೂರು ಎಂದು ಬರೆದಳು. ಭಾವ ಹೆಬ್ಬೆರಳಿನಿಂದ ಒರೆಸಿ ಮುನ್ನೂರು ಮಾಡಿದ. ಅಕ್ಕ ಕಣ್ಣು ಬಿಟ್ಟಳು, ಅವನೇ ಮತ್ತೆ ನಾನೂರು ಬರೆದ. ಇಷ್ಟಾದ ಮೇಲೆ ನಿಜವಾದ ಜಗಳ ಶುರುವಾಯಿತು. ಗಂಟೆ ಎಲ್ಲಿಂದ ಶುರು? ಮನೆ ಬಾಗಿಲಲ್ಲಿ ಆಟೊ ಹೊರಟಾಗಿನಿಂದ ಎಂದು ಅಕ್ಕ. ರಾಡ್ ತಾಗಿಸಿದಾಗಿನಿಂದ ಎಂದು ಭಾವ. ನಮ್ಮ ಆಟೊ ಓಡಿಸುವುದಕ್ಕೆ ಅವರು ಯಾಕೆ ಕೊಡಬೇಕು ಎಂದು ಅವನ ವಾದ. ಗಣಿಯಲ್ಲಾದರೆ ಶಿಫ್ಟು ಶುರುವಾದದ್ದು ಸೈರನ್ ಕೂಗಿದರೆ ಊರಿಗೆಲ್ಲ ತಿಳಿಯುತ್ತಿತ್ತು, ಯಾರ ಕೈಯಲ್ಲೂ ವಾಚ್ ಬೇಕಿರಲಿಲ್ಲ.

“ನಮ್ಮಪ್ಪಂಗೆ ಸೈರನ್ ಕೂಗ್ತಿತ್ತು. ನಂಗ್ಯಾರು ಕೂಗ್ತಾರೆ?” ಎಂದ ಭಾವ.

ನಾನು ಬುದ್ಧಿವಂತೆಯ ಹಾಗೆ ನಡುವೆ ಬಾಯಿ ಹಾಕಿದೆ. ಗಿರಾಕಿಯ ಬಾಗಿಲಲ್ಲಿ ಆಟೊ ನಿಂತ ಕೂಡಲೇ ಶುರು, ಆಟೊ ಹೊರಟಾಗ ಮುಗಿಯಿತು. ಇಬ್ಬರಿಗೂ ನ್ಯಾಯ. ಇಬ್ಬರೂ ಒಪ್ಪಿದರು. ನನಗೆ ಹೆಮ್ಮೆಯೋ ಹೆಮ್ಮೆ. ಉಳಿದಿದ್ದ ನೀಲಿ ಬಟ್ಟೆಗೆ ಬಿಳಿ ಅಕ್ಷರ ಕತ್ತರಿಸಿ ಹೊಲಿದು, ‘ವೆಲ್ಡಿಂಗ್, ಗಂಟೆಗೆ ನಾನೂರು’ ಎಂಬ ಬ್ಯಾನರನ್ನು ನಾನೇ ಆಟೊಗೆ ಕಟ್ಟಿದೆ. ಅಕ್ಕ ತನ್ನ ಮದುವೆಯ ವಾಚನ್ನು ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದಳು.

ಕಾಮಸಮುದ್ರದ ಆಚೆ ಯಲ್ಲಮ್ಮ ಎಂಬ ಮುದುಕಿ ಇದ್ದಳು. ಮೂರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಅವಳ ಕೊಟ್ಟಿಗೆಯಲ್ಲಿ ಯಾವಾಗಲೂ ಏನಾದರೊಂದು ಮುರಿದಿರುತ್ತಿತ್ತು. ಭಾವ ಆ ಕಡೆ ಹೋದರೆ ಆಟೊ ನಿಲ್ಲುವ ಮುಂಚೆಯೇ ಒಲೆ ಮೇಲೆ ಕಾಫಿ. ಹೊಸ ಲೆಕ್ಕದ ಮೊದಲ ವಾರ ಹೋದಾಗ ಅವಳು ಬ್ಯಾನರ್ ಓದಿಸಿ ಕೇಳಿದಳಂತೆ. ಕೋಪದಿಂದಲ್ಲ, ಅನುಮಾನಕ್ಕೆ.

“ನೀನ್ ಕಾಪಿ ಕುಡ್ಯೋ ಒತ್ಗೂ ನಾನೇ ದುಡ್ ಕೊಡ್ಬೇಕಾ ಚಲಪತಿ?”

ಭಾವ ಕಾಫಿ ಬೇಡ ಎಂದುಬಿಟ್ಟ. ಲೋಟ ಒಳಗೆ ಹೋಯಿತು.

ಸುದ್ದಿ ಊರೂರಿಗೂ ಹಬ್ಬಿತು. ಚಲಪತಿ ಹತ್ತಿರ ಮಾತಾಡಿದರೂ ಮೀಟರ್ ಓಡುತ್ತದೆ ಎಂದು ಜನ ಮಕ್ಕಳನ್ನು ಗದರಿಸಿ ದೂರ ಇಟ್ಟರು. ಆಟೊ ಬರುವ ಮುಂಚೆಯೇ ತುಕ್ಕು ಉಜ್ಜಿ, ಪೈಪು ಕತ್ತರಿಸಿ, ಹಿಡಿಯುವುದಕ್ಕೆ ಇಬ್ಬರು ಆಳು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆರಾಮಾಗಿ ಓಡಾಡಿಕೊಂಡಿರುವ ನಮ್ಮ ಜನಕ್ಕೆ ಇಷ್ಟು ಚುರುಕು ಎಲ್ಲಿತ್ತೋ ಕಾಣೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಕೊಂಡು, ಇನ್ನೂರು ಕೈಗಿಟ್ಟು, ಹೊರಡಪ್ಪಾ ಎನ್ನುವರು. ಕೆಲಸಕ್ಕೆ ಕರೆಯುವವರೂ ಕಮ್ಮಿಯಾದರು. ಅಕ್ಕ ಮೊದಲ ಸಲ ಅವನಿಗೆ ಊಟದ ಡಬ್ಬಿ ಕಟ್ಟಬೇಕಾಯಿತು. ಸಂಜೆ ಅವನು ಬಂದು ಸುಮ್ಮನೆ ಕೈಕಾಲು ತೊಳೆದು ಗೋಡೆಗೆ ಒರಗುತ್ತಿದ್ದ. ಯಾವ ಹಸುವಿನ ಸುದ್ದಿಯೂ ಇಲ್ಲ, ಯಾವ ಸೊಸೆಯ ಸುದ್ದಿಯೂ ಇಲ್ಲ. ಫ್ಯಾಕ್ಟರಿಗೆ ಹೋಗುವ ಮುಂಚೆಯೇ ಫ್ಯಾಕ್ಟರಿ ಅವನ ಮನೆಗೆ ಬಂದಿತ್ತು.

ನವರಾತ್ರಿ ಮುಗಿಯಿತು. ಅಕ್ಕನಿಗೆ ಇನ್ನೊಂದು ಅನುಮಾನ, ಇವನು ಪೂರ್ತಿ ಗಂಟೆಯ ದುಡ್ಡು ಕೇಳುತ್ತಾನೋ ಇಲ್ಲವೋ ಎಂದು. ಒಂದು ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಎಂದು ಆಟೊ ಹತ್ತಿಯೇಬಿಟ್ಟಳು. ಕಾಮಸಮುದ್ರಕ್ಕೆ ಕೊಡಬೇಕಾದ ರವಿಕೆಗಳಿದ್ದವು, ನಾನೂ ಹೊರಟೆ. ಮುಂದೆ ಗಂಡನ ಪಕ್ಕ ಅವಳು, ಹಿಂದೆ ಜನರೇಟರಿನ ಪಕ್ಕ ಎರಡನೇ ಜನರೇಟರಿನ ಹಾಗೆ ನಾನು.

ಯಲ್ಲಮ್ಮನ ಗೇಟಿನ ಕೀಲು ಕಿತ್ತಿತ್ತು. ಭಾವ ಇಂಜಿನ್ ಚಾಲೂ ಮಾಡಿದ. ಆ ಜನರೇಟರಿನ ಸದ್ದು ಎಂಥದ್ದು ಅಂತೀರಿ, ಪಕ್ಕದೂರಿನ ಕೋಳಿಯೂ ಬೆಚ್ಚಬೇಕು. ಅಕ್ಕ ವಾಚು ಬಿಚ್ಚಿ ಕೈಯಲ್ಲೇ ಹಿಡಿದು ಜಗಲಿಯ ಮೇಲೆ ಕೂತಳು. ಭಾವ ಬಿಸಿಲಲ್ಲಿ ಬಗ್ಗಿ ಬೆವರು ಸುರಿಸುತ್ತಿದ್ದ. ಯಲ್ಲಮ್ಮ ಬಾಗಿಲಲ್ಲಿ ಲೋಟ ಹಿಡಿದುಕೊಂಡು ನಿಂತಿದ್ದಳು. ಹೊರಗೆ ಬರಳು, ಒಳಗೂ ಹೋಗಳು. ಒಮ್ಮೆ ಅಕ್ಕನ ವಾಚು ನೋಡುವಳು, ಒಮ್ಮೆ ಭಾವನ ಬೆನ್ನು ನೋಡುವಳು. ಕೊನೆಗೆ ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟಿ ಸೀದಾ ಆಟೊ ಹತ್ತಿರ ಬಂದಳು.

“ಏಂ ನಾಯನಾ, ಈ ಸದ್ದು ಇರೋಗಂಟ ತಾನೆ ನಿನ್ ಗಂಟೆ? ಆಪ್ ಮಾಡು. ಈಗ ಕುಡಿ.”

ಭಾವ ಅಕ್ಕನ ಮುಖ ನೋಡಿದ. ಅಕ್ಕ ವಾಚು ನೋಡಿದಳು. ಅವನು ಕೈಚಾಚಿ ಇಂಜಿನ್ ಆರಿಸಿದ.

ಒಮ್ಮೆಲೇ ಅದೆಷ್ಟು ನಿಶ್ಶಬ್ದ. ಹಸು ಮೆಲುಕು ಹಾಕುವುದೂ ಕೇಳಿಸಿತು. ಭಾವ ಕಲ್ಲಿನ ಮೇಲೆ ಕೂತು ಕಾಫಿ ಒಂದು ಗುಟುಕು ಕುಡಿದ, ಆಮೇಲೆ ಇನ್ನೊಂದು, ಆಮೇಲೆ ಕರಿ ಹಸು ಹಾಲು ಎಷ್ಟು ಕೊಡುತ್ತಿದೆ ಎಂದು ಕೇಳಿದ. ಅಷ್ಟೇ, ಕಟ್ಟೆ ಒಡೆಯಿತು. ನಮಗೂ ಕಾಫಿ ಬಂತು. ಸದ್ದು ನಿಂತದ್ದು ಕೇಳಿ ಪಕ್ಕದ ಮನೆಯವನು ಬಂದ, ಅವನ ಹಿಂದೆ ಇನ್ನಿಬ್ಬರು. ಮಾತಿನ ನಡುವೆ ಒಬ್ಬನಿಗೆ ಟ್ರೇಲರಿನ ಕೊಕ್ಕೆ ಸೀಳಿರುವುದು ನೆನಪಾಯಿತು, ಇನ್ನೊಬ್ಬನಿಗೆ ಮಂಚದ ಕಾಲು, ಮತ್ತೊಬ್ಬಳಿಗೆ ನೀರಿನ ಡ್ರಮ್ಮಿನ ಸ್ಟ್ಯಾಂಡು. ಇದಕ್ಕೆಂದೇ ಯಾರು ಫೋನ್ ಮಾಡಿ ಕರೆಸುತ್ತಾರೆ ಎಂದು ಬಿಟ್ಟಿದ್ದರಂತೆ. ಸಂಜೆವರೆಗೂ ಇಂಜಿನ್ ಆನ್ ಆಯಿತು, ಆಫ್ ಆಯಿತು. ನನ್ನ ರವಿಕೆಗಳು ಆ ದಿನ ತಲುಪಲೇ ಇಲ್ಲ.

ವಾಪಸು ಬರುವಾಗ ಅಕ್ಕ ಮಡಿಲಲ್ಲಿಟ್ಟುಕೊಂಡು ದುಡ್ಡು ಎಣಿಸಿದಳು. ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ಆಟೊ ನಿಂತಾಗ, ಎದುರಿಗೆ ನೋಡಿಕೊಂಡೇ ಹೇಳಿದಳು.

“ನಾನು ಬರೀ ಗಂಟೆ ನೋಡ್ದೆ. ಕೆಲ್ಸ ಬಂದಿದ್ದೆಲ್ಲ ಮಿಷಿನ್ ಆಪ್ ಆದ್ಮೇಲೆ.”

ಮನೆಗೆ ಬಂದು ಕಂಟ್ರಾಕ್ಟರಿಗೆ ಫೋನ್ ಮಾಡಿ, ಆ ಜಾಗ ಬೇರೆ ಯಾರಿಗಾದರೂ ಕೊಡಿ ಎಂದಳು. ಭಾವ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನು ತುಂಬ ಹೊತ್ತು ತೊಳೆಯುತ್ತಲೇ ಇದ್ದ.

ಅಲ್ಲಿಂದ ಮುಂದೆ ಅವನ ರೇಟು ಅದೇ. ಇಂಜಿನ್ ಸದ್ದು ಮಾಡುವಷ್ಟು ಹೊತ್ತು ಗಂಟೆ, ಊರಿಗೆ ಬಂದುಹೋಗುವುದಕ್ಕೆ ದೂರ ನೋಡಿ ಬೇರೆ ದುಡ್ಡು. ಈ ಎರಡನೆಯದು ಅಕ್ಕನ ಸೇರ್ಪಡೆ, ಅವಳೇನು ಸುಮ್ಮನೆ ಬಿಡುವವಳೇ? ಸುತ್ತಿಗೆ ಕೆಲಸ ಮಾಡುವಾಗಲೂ ಇಂಜಿನ್ ಆನ್ ಇರಲಿ ಎಂದು ಹೇಳಿಕೊಟ್ಟಳು. ಅವನು ಹೂಂ ಎಂದ, ಒಂದು ದಿನವೂ ಹಾಗೆ ಮಾಡಲಿಲ್ಲ. ಅವರೇನೂ ಸಾಹುಕಾರರಾಗಲಿಲ್ಲ. ಆಟೊ ಮಾರಲಿಲ್ಲ, ಅಷ್ಟೇ. ಹಸುಗಳ ಸುದ್ದಿ, ಸೊಸೆಯರ ಸುದ್ದಿ ಮತ್ತೆ ಮನೆಗೆ ಬರತೊಡಗಿತು. ಅಕ್ಕ ತಲೆ ತಿನ್ನಬೇಡ ಎನ್ನುತ್ತಲೇ ಆಮೇಲೇನಾಯ್ತು ಎಂದು ಕೇಳುತ್ತಿದ್ದಳು.

ಭಾವ ಈಗಿಲ್ಲ. ಅವನು ಹೋದ ಮೇಲೆ ನಮ್ಮಿಬ್ಬರ ಮನೆಗೂ ಊರಿನ ಸುದ್ದಿ ಬರುವುದು ನಿಂತಿತು. ಬಾಯಿಬಿಟ್ಟು ಹೇಳುತ್ತೇನೆ, ಅವನಿಲ್ಲದೆ ನನಗೆ ಬೇಜಾರು. ನಾನೂ ಅಂಗಡಿಯಲ್ಲಿ ಗೋಡೆ ಗಡಿಯಾರ ಹಾಕಿಕೊಂಡು, ಅಳತೆ ತೆಗೆದು, ರಸೀದಿ ಹರಿದು, ಮುಂದಿನವರು ಬನ್ನಿ ಎನ್ನುವವಳಾಗಿದ್ದೇನೆ.

ಷಟರ್ ಕೆಲಸ ಅರ್ಧವಾಗಿತ್ತು. ಪಕ್ಕದ ಹೋಟೆಲಿನಿಂದ ಎರಡು ಕಾಫಿ ತರಿಸಿದೆ. ಕುಡಿಯಪ್ಪಾ ಎಂದರೆ ಆತ ಮುಖದ ಗುರಾಣಿ ಸರಿಸಿ, ಕಣ್ಣಿನಲ್ಲೇ ಮೊಬೈಲು ತೋರಿಸಿದ.

“ಬ್ಯಾಡಕ್ಕಾ. ಟೈಂ ಓಡ್ತಾ ಐತೆ, ನಿಮ್ಗೇ ಲಾಸು.”

ಅವನ ಮಿಷಿನ್ನಿಗೆ ಸದ್ದೇ ಇಲ್ಲ. ಇದ್ದರೆ ತಾನೆ ಆಫ್ ಮಾಡು ಎನ್ನುವುದು? ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ನಾನು ಎದ್ದುಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದೆ. ಫ್ಯಾನು ನಿಂತಿತು, ಲೈಟು ಹೋಯಿತು, ಹೊಲಿಯುತ್ತಿದ್ದ ಹುಡುಗಿಯರಿಬ್ಬರ ಮಿಷಿನ್ನೂ ನಿಂತು ಅವರು ನನ್ನನ್ನೇ ನೋಡಿದರು. ಅವನ ರಾಡ್ ತಣ್ಣಗಾಯಿತು. ಆತ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ನಕ್ಕು, ಬಂದು ಮೊಬೈಲನ್ನು ನಿಲ್ಲಿಸಿ ಲೋಟ ತೆಗೆದುಕೊಂಡ. ನಾನು ಭಾವ ಕೂರುತ್ತಿದ್ದ ಸ್ಟೂಲನ್ನು ಅವನ ಕಡೆ ತಳ್ಳಿದೆ.

“ಯಾವೂರಪ್ಪಾ ನಿಂದು?” ಎಂದು ಕೇಳಿದೆ.