ಕಲ್ಲಿದ್ದಲಿನಲ್ಲಿ ಕಲಿಸಿದ ಸಹಿ

ನಮ್ಮ ಬೀದಿಯಲ್ಲಿ ಈಗ ಸಂಡಿಗೆ ಬೆಳ್ಳಗೆ ಒಣಗುತ್ತದೆ. ಉಪ್ಪಾರಹಳ್ಳಿಯ ಹೆಂಗಸರಿಗೆಲ್ಲ ಇದು ಸಂತೋಷದ ವಿಷಯ, ನನಗೊಬ್ಬಳಿಗೆ ಅಲ್ಲ. ಬಿಸಿಲು ಬಲಿತ ಕೂಡಲೇ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತೇನೆ. ಇಟ್ಟು ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಕಿವಿ ತಾನಾಗಿ ಬೀದಿಯ ಕಡೆ ಹೋಗುತ್ತದೆ. ಈಗ ಯಾರೂ ಕೂಗುವುದಿಲ್ಲ.

ಮೊದಲು ಒಬ್ಬಳು ಕೂಗುತ್ತಿದ್ದಳು. ನಮ್ಮ ಮನೆಯ ಹಿಂದೆ ರೈಲು ಹಳಿ, ಅದರಾಚೆ ಗೂಡ್ಸ್ ಶೆಡ್ಡು. ಸತ್ಯಮಂಗಲದ ಕಡೆ ಒಂದು ಸಣ್ಣ ವಿದ್ಯುತ್ ಸ್ಥಾವರವಿತ್ತು, ಸುತ್ತಲಿನ ಒಂದೆರಡು ಕಾರ್ಖಾನೆಗಳಿಗೆ ಕರೆಂಟು ಮಾಡಿಕೊಡುವಂಥದ್ದು. ಅದಕ್ಕೆ ಬೇಕಾದ ಕಲ್ಲಿದ್ದಲು ರೈಲಿನಲ್ಲಿ ಬಂದು ಈ ಶೆಡ್ಡಿನಲ್ಲಿ ಇಳಿದು ಲಾರಿ ಹತ್ತುತ್ತಿತ್ತು. ಇಳಿಸುವವರು ಪಕ್ಕದ ಬೀದಿಯ ಗಂಡಸರು, ಹೆಂಗಸರು. ಗಾಡಿ ಬರುವ ಸುದ್ದಿ ಅವರ ಮೇಸ್ತ್ರಿಗೆ ಫೋನಿನಲ್ಲಿ ಬರುತ್ತಿತ್ತು. ಆ ಗುಂಪಿನಲ್ಲಿ ನನ್ನದೇ ವಯಸ್ಸಿನ ಒಬ್ಬಳು, ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋಗುವಾಗ ನಮ್ಮ ತಾರಸಿಗಳ ಕಡೆ ಮುಖವೆತ್ತಿ ಹೇಳಿಕೊಂಡು ಹೋಗುತ್ತಿದ್ದಳು. "ಗೂಡ್ಸು ಬತ್ತಾ ಐತೆ, ಸಂಡಿಗೆ ಎತ್ಕಳ್ರವ್ವಾ."

ನಾವು ಬಡಬಡ ಎತ್ತಿಕೊಳ್ಳುತ್ತಿದ್ದೆವು. ಅರ್ಧ ಗಂಟೆಗೆಲ್ಲ ಕಪ್ಪು ದೂಳು ಏಳುತ್ತಿತ್ತು. ಅವಳಿಗೆ ಅದರಿಂದ ಸಿಗುತ್ತಿದ್ದುದು ವರ್ಷಕ್ಕೊಮ್ಮೆ ಪ್ರತಿ ಮನೆಯಿಂದ ಒಂದು ಡಬ್ಬಿ ಸಂಡಿಗೆ. ಅದನ್ನೂ ಕೇಳಿ ಇಸಕೊಂಡವಳಲ್ಲ.

ನನ್ನ ಬಾಯಿ ಜೋರು. ಗುಬ್ಬಿಯ ಶಾಲೆಯಲ್ಲಿ ಟೀಚರಾಗಿದ್ದು, ವರ್ಷಗಟ್ಟಲೆ ಮಕ್ಕಳನ್ನು ಗದರಿ ಗದರಿ ಬಲಿತ ಬಾಯಿ. ಒಂದು ದಿನ ಅವಳು ನಮ್ಮ ಜಗಲಿಯಲ್ಲಿ ನೀರು ಕುಡಿಯುತ್ತಾ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಹಿಂದೆ ನಿಂತ ಹುಡುಗರು ನಕ್ಕರು ಅಂದಳು. ನನಗೆ ಉರಿದುಹೋಯಿತು.

"ನಕ್ಕರೆ ನಗಿಸ್ಕೊಂಡು ಬಂದ್ಯಾ? ನಾಳೆಯಿಂದ ಬಾ ಇಲ್ಲಿ. ನಿನ್ನ ಹೆಸರು ನೀನು ಬರೀಲೇಬೇಕು."

"ಈ ವಯಸ್ನಾಗೆ ನಂಗೆ ಹತ್ತುತ್ತಾ ಟೀಚರಮ್ಮ?"

"ಹತ್ತದೆ ಏನಾಗುತ್ತೆ? ಬಾ ಅಂದ್ರೆ ಬಾ."

ಮಾರನೇ ದಿನ ಬಂದಳು. ಸ್ಲೇಟು ತರುತ್ತೇನೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸೆರಗಿನ ಗಂಟಿನಿಂದ ಒಂದು ಚೂರು ಕಲ್ಲಿದ್ದಲು ತೆಗೆದು ಜಗಲಿಯ ಸಿಮೆಂಟಿನ ಮೇಲೆ ಗೆರೆ ಎಳೆದು ನೋಡುತ್ತಿದ್ದಳು. ಸ್ಲೇಟು ಮೂಲೆ ಸೇರಿತು. ಗಾಡಿ ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಬರೆಯುವುದು, ನಾನು ಬಯ್ಯುವುದು, ಆಮೇಲೆ ಅವಳೇ ಬಕೆಟ್ ನೀರು ಹಾಕಿ ಜಗಲಿ ತೊಳೆಯುವುದು. ಅವಳ ಹೆಸರಿನಲ್ಲಿದ್ದ ಒಂದು ಒತ್ತಕ್ಷರ ಮಾತ್ರ ಕೆಳಗೆ ಇಳಿಯಲೊಲ್ಲದೆ ಮೇಲಕ್ಕೇ ಹತ್ತಿ ಕೂರುತ್ತಿತ್ತು. ಅದು ಸರಿಯಾಗಿ ಇಳಿದ ದಿನ ಅವಳು ಜಗಲಿ ತೊಳೆಯದೆ ಹಾಗೇ ಬಿಟ್ಟು ಹೋದಳು. ನಾನೂ ಎರಡು ದಿನ ತೊಳೆಯಲಿಲ್ಲ.

ಅದೇ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳ ಮದುವೆ. ಒಂದು ಮೊರ, ಎರಡು ಮೊರ ಅಲ್ಲ, ತಾರಸಿ ತುಂಬ ಸಂಡಿಗೆ ಹಾಕಿದ್ದೆ. ಅವತ್ತು ಅವಳಿಗೆ ಜ್ವರ, ಕೆಲಸಕ್ಕೆ ಹೋಗಿರಲಿಲ್ಲ. ಗುಂಪಿನ ಮಿಕ್ಕವರು ತಮ್ಮ ಪಾಡಿಗೆ ತಾವು ನಡೆದುಹೋಗಿದ್ದರು. ನಾನು ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ ಎದ್ದು ಬಂದು ನೋಡಿದರೆ ಪಂಚೆ ಯಾವುದು, ಸಂಡಿಗೆ ಯಾವುದು ಗೊತ್ತಾಗುತ್ತಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಅವತ್ತೇ ಕೂತು ಅರ್ಜಿ ಬರೆದೆ. ದೂಳಿನಿಂದ ಮಕ್ಕಳಿಗೆ ಕೆಮ್ಮು, ಬಾವಿ ನೀರೆಲ್ಲ ಕಪ್ಪು, ಈ ಶೆಡ್ಡಿನಲ್ಲಿ ಕಲ್ಲಿದ್ದಲು ಇಳಿಸುವುದನ್ನು ಕೂಡಲೇ ನಿಲ್ಲಿಸಬೇಕು ಅಂತ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಬೀದಿಯವರೆಲ್ಲ ಸಹಿ ಹಾಕಿದರು. ಪಕ್ಕದ ಬೀದಿಯವರದ್ದೂ ಒಂದಿದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ಯಾರೋ ಅಂದರು. ಜ್ವರ ಬಿಟ್ಟು ಎದ್ದ ಅವಳು ಸಂಡಿಗೆ ಹಾಳಾದ ಸುದ್ದಿ ಕೇಳಿ ಪೇಚಾಡುತ್ತಾ ನಮ್ಮ ಮನೆಗೆ ಬಂದಳು. ನಾನು ಪೆನ್ನು ಕೈಗೆ ಕೊಟ್ಟೆ.

"ಇಲ್ಲೊಂದು ಸೈನ್ ಹಾಕೇ. ಬೀದಿ ವಿಷಯ."

ಅವಳ ಮುಖ ಅರಳಿತು. ಪೆನ್ನಿನಲ್ಲಿ, ಕಾಗದದ ಮೇಲೆ, ಅವಳು ಹಾಕಿದ ಮೊದಲ ಸಹಿ ಅದು. ನಾಲಿಗೆ ಕಚ್ಚಿಕೊಂಡು, ಒತ್ತಕ್ಷರವನ್ನು ಕೆಳಗಿಳಿಸಿ ಬರೆದು, "ನೋಡಿ, ಸರಿಯಾಗೈತಾ?" ಅಂದಳು. ಸರಿಯಾಗಿತ್ತು. ಏನು ಬರೆದಿದೆ ಅಂತ ಅವಳು ಕೇಳಲಿಲ್ಲ. ಟೀಚರಮ್ಮ ಹೇಳಿದ ಮೇಲೆ ಕೇಳುವುದೇನು? ಓದಿ ಹೇಳಿದ್ದರೆ ಅವಳು ಹಾಕುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಓದಲಿಲ್ಲ. ಬೇರೆ ಯಾರಿಗೆ ಏನು ಸಬೂಬು ಹೇಳಿದರೂ ಇಲ್ಲಿ ಹೇಳುವುದಿಲ್ಲ.

ಅರ್ಜಿಯ ಒಂದು ಪ್ರತಿ ಶೆಡ್ಡಿಗೂ ಹೋಯಿತು. ಮೇಸ್ತ್ರಿ ಅದನ್ನು ಎಲ್ಲರ ಮುಂದೆ ಓದಿದನಂತೆ, ಹೆಸರುಗಳ ಸಮೇತ. ಸಂಜೆ ಅವಳು ಬಂದು ಬಾಗಿಲಲ್ಲೇ ನಿಂತಳು.

"ಗಾಡಿ ನಿಲ್ಸಿ ಅಂತ ಬರೆದಿತ್ತಾ ಟೀಚರಮ್ಮ?"

"ಅಯ್ಯೋ, ಹಂಗಲ್ಲ ಕಣೇ. ದೂಳೇಳದಂಗೆ ನೀರು ಹೊಡೆದು ಇಳಿಸ್ಲಿ ಅಂತ" ಅಂದೆ. ಅವಳು ಮೆಟ್ಟಿಲಿಳಿದು ಹೋದಳು.

ಆಮೇಲೆ ಗಾಡಿಗಳು ಕಮ್ಮಿಯಾಗುತ್ತಾ ಬಂದವು. ವಾರಕ್ಕೆರಡು ಬರುತ್ತಿದ್ದುದು ಒಂದಾಯಿತು, ಹದಿನೈದು ದಿನಕ್ಕೊಂದಾಯಿತು, ಒಂದು ಮಳೆಗಾಲ ಪೂರ್ತಿ ಬರಲಿಲ್ಲ. ಕೊನೆಗೆ ಶೆಡ್ಡಿನ ಮುಂದೆ ಲಂಟಾನ ಬೆಳೆಯಿತು. ಬೀದಿಯವರು ನನ್ನ ಅರ್ಜಿಯನ್ನು ಹೊಗಳಿದರು. ಪಕ್ಕದ ಬೀದಿಯವರು ಅವಳ ಜೊತೆ ಮಾತು ಬಿಟ್ಟರು. ನಲ್ಲಿಯಲ್ಲಿ ಅವಳ ಬಿಂದಿಗೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವರ ಬೀದಿಗೆ ಹೋಗಿ, ತಪ್ಪು ನನ್ನದು, ಅವಳಿಗೆ ಏನೂ ಗೊತ್ತಿರಲಿಲ್ಲ ಅಂತ ಹೇಳಲು ಎರಡು ನಿಮಿಷ ಸಾಕಿತ್ತು. ಇಷ್ಟು ಜೋರಿನ ಬಾಯಿ ಅವತ್ತು ತೆರೆಯಲಿಲ್ಲ. ಒಂದು ದಿನ ಅವಳು ಮನೆ ಖಾಲಿ ಮಾಡಿಕೊಂಡು ಕುಣಿಗಲ್ಲಿನ ಮಗಳ ಮನೆಗೆ ಹೊರಟುಹೋದಳು.

ಹೋದ ವರ್ಷ, ಆ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಮದುವೆಮನೆಯಲ್ಲಿ ಪಕ್ಕದ ಎಲೆಯಲ್ಲಿ ಕೂತಿದ್ದರು. ನನ್ನ ಅರ್ಜಿಯ ಮಾತೆತ್ತಿದರೆ ನಕ್ಕುಬಿಟ್ಟರು. ಕಾರ್ಖಾನೆಗಳೆಲ್ಲ ಸೋಲಾರ್ ಹಾಕಿಸಿಕೊಂಡವು, ಮಿಕ್ಕ ಕರೆಂಟು ಸರ್ಕಾರದ ಲೈನಿನಿಂದ ಅಗ್ಗಕ್ಕೆ ಸಿಗುತ್ತಿತ್ತು, ಬಾಯ್ಲರ್ ಆರಿಸಿದರು ಅಷ್ಟೆ. "ನಿಮ್ಮ ಅರ್ಜಿಗೆ ಯಾರೂ ಏನೂ ಮಾಡ್ಲಿಲ್ಲ ಬಿಡಿ ಮೇಡಂ" ಅಂದರು. ನಾನು ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ.

ಇದನ್ನು ಅವಳಿಗೆ ಹೇಳಲೇಬೇಕು ಅಂತ ಒಂದು ಡಬ್ಬಿ ಸಂಡಿಗೆ ಹಿಡಿದು ಕುಣಿಗಲ್ ಬಸ್ಸು ಹತ್ತಿದೆ. ಕೆರೆ ಕಡೆಯ ಒಂದು ಓಣಿಯಲ್ಲಿ ಮನೆ. ಅವಳು ಹೆದ್ದಾರಿಯ ಹೋಟೆಲ್ಲಿನಲ್ಲಿ ಪಾತ್ರೆ ತೊಳೆದು ಆಗಷ್ಟೇ ಬಂದಿದ್ದಳು. ಚಾಪೆ ಹಾಸಿದಳು, ಕಾಫಿ ಕೊಟ್ಟಳು. ನಾನು ಎಲ್ಲ ಹೇಳಿದೆ. ಗಾಡಿ ನಿಂತದ್ದು ಅರ್ಜಿಯಿಂದಲ್ಲ, ನಿನ್ನ ಸಹಿಯಿಂದಲ್ಲ, ಅವತ್ತು ಬಾಗಿಲಲ್ಲಿ ನಾನು ಹೇಳಿದ್ದು ಸುಳ್ಳು ಅಂತಲೂ ಹೇಳಿದೆ.

"ಆಗೋಯ್ತು ಬುಡಿ" ಅಂದಳು. ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಈಗ ಬೆಳ್ಳಗೆ ಬತ್ತಾವೆ" ಅಂದಳು.

ಅಷ್ಟರಲ್ಲಿ ಅವರ ಮಹಿಳಾ ಸಂಘದ ಹೆಂಗಸೊಬ್ಬಳು ಪುಸ್ತಕ ಹಿಡಿದು ಬಂದಳು. ಹಿಂದಿನ ದಿನದ ಮೀಟಿಂಗಿನಲ್ಲಿ ಏನೇನು ತೀರ್ಮಾನವಾಯಿತು ಅಂತ ಒಂದೊಂದೇ ಸಾಲು ನಿಧಾನವಾಗಿ ಓದಿದಳು. ಇವಳು ಗೋಡೆಗೊರಗಿ ಕೂತು ಪೂರ್ತಿ ಕೇಳಿ, ಇಂಕಿನ ಪ್ಯಾಡಿಗೆ ಬೆರಳು ತಾಗಿಸಿ ಹೆಬ್ಬೆಟ್ಟು ಒತ್ತಿದಳು.

ಹಳೇ ಚಾಳಿ, ನನಗೆ ತಡೆಯಲಾಗಲಿಲ್ಲ. "ಏನೇ ಇದು, ಅಷ್ಟು ಕಷ್ಟಪಟ್ಟು ಕಲಿಸಿದ್ದು ಮರೆತುಬಿಟ್ಯಾ?"

"ಮರ್ತಿಲ್ಲ ಟೀಚರಮ್ಮ" ಅಂದಳು ಅವಳು, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ಸೈನ್ ಹಾಕೋರ್ಗೆ ಯಾರೂ ಓದಿ ಹೇಳಾಕಿಲ್ಲ. ಹೆಬ್ಬೆಟ್ಟು ಒತ್ತೋರ್ಗೆ ಓದಿ ಹೇಳ್ತಾರೆ."