ಅಂಗಡಿಯಿಂದ ತಂದ ಅಜ್ಜಿ

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಮಂಗಳೂರು ಕಡೆಯ ಹತ್ತು ಕ್ಯಾಥೊಲಿಕ್ ಮನೆಗಳವರು ತಿಂಗಳಿಗೊಮ್ಮೆ ಜಪಸರದ ಪ್ರಾರ್ಥನೆಗೆ ಸೇರುತ್ತಿದ್ದೆವು. ಯಾರ ಮನೆಯ ಸರದಿಯೋ ಅವರು ತೀರಿಕೊಂಡ ಹಿರಿಯರ ಫೋಟೋಗಳನ್ನು ಪೀಠದ ಪಕ್ಕ ಇಡಬೇಕು. ಕೊನೆಗೆ ಒಬ್ಬೊಬ್ಬರ ಆತ್ಮಕ್ಕೂ ಒಂದೊಂದು ಜಪ.

ಆ ಸಲದ ಸರದಿ ನನ್ನ ಗೆಳತಿಯದು. ಇಬ್ಬರೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ನಾನು ಫೀಸು ಕೊಟ್ಟು ಓದಿದೆ. ಅವಳು ಅದೇ ಕಾಂಪೌಂಡಿನ ಅನಾಥಾಲಯದಲ್ಲಿ ಬೆಳೆದಳು. ಇಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಫೋಟೋದ ಜಾಗದಲ್ಲಿ ಅವಳು ಬೆಳ್ಳಗಿನ ಹೆಂಗಸೊಬ್ಬಳ ಹಳೆಯ ತೈಲಚಿತ್ರ ಇಡಿಸಿದ್ದಳು. ಬಿಳಿ ಲೇಸಿನ ಟೋಪಿ, ಕಪ್ಪು ಉಡುಪು, ಕೈಯಲ್ಲಿ ಮುಚ್ಚಿದ ಪುಟ್ಟ ಪುಸ್ತಕ. ಹೆಬ್ಬೆರಳಿನ ಉಗುರಿನ ಮೇಲೆ ಬಣ್ಣ ಎದ್ದುಹೋಗಿತ್ತು. ಮಧ್ಯಾಹ್ನ ಅದನ್ನು ಎತ್ತಿ ಇಟ್ಟವಳು ನಾನೇ. ಹಿಂಬದಿಯ ಚೀಟಿ ಓದಿದ್ದೆ. ಕಿತ್ತುಹಾಕು ಎಂದು ಅವಳಿಗೆ ಹೇಳಲಿಲ್ಲ.

ಸಿಡ್ನಿಯಿಂದ ಒಬ್ಬರು ಆಂಟಿ ಬಂದಿದ್ದರು. ಅಲ್ಲಿನ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸದಲ್ಲಿದ್ದ ಅವರ ಮಗ ಗೆಳತಿಯ ಮಗಳನ್ನು ಮೆಚ್ಚಿದ್ದ. ಇವರು ಮನೆತನ ನೋಡಲು ಬಂದದ್ದು.

"ಯಾರಿದು?" ಎಂದು ಆಂಟಿ ಪಟ ತೋರಿಸಿ ಕೇಳಿದರು.

"ನನ್ನ ಅಮ್ಮನ ಅಜ್ಜಿ," ಎಂದಳು ಗೆಳತಿ.

"ಎಂತ ಬಣ್ಣ ಮಾರಾಯ್ತಿ. ನಿನಗೆ ಒಂದು ಚಮಚವೂ ಸಿಗಲಿಲ್ಲ ಅಲ್ವಾ?"

ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಆಮೇಲೆ ಮೊಣಕಾಲೂರಿ ಆ ಅಜ್ಜಿಯ ಆತ್ಮಕ್ಕೆ ಜಪ ಹೇಳಿದೆವು.

ಚಹಾದ ಹೊತ್ತಿಗೆ ಆಂಟಿ ಅಡುಗೆಮನೆಯಲ್ಲಿ ನನ್ನ ಮೊಣಕೈ ಹಿಡಿದರು. "ನೀವು ಒಟ್ಟಿಗೆ ಕಲಿತವರಂತೆ. ಅವಳ ಅಪ್ಪ ಅಮ್ಮ ಯಾವ ಊರಿನವರು?"

ಗೊತ್ತಿಲ್ಲ ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನನ್ನ ಮಗಳಿಗೆ ಅಂಥ ಸಂಬಂಧ ಬಂದಿರಲಿಲ್ಲ.

"ಪಾಪ, ನನ್ನ ಹತ್ರ ಕೇಳ್ಬೇಡಿ ಆಂಟಿ," ಎಂದೆ, ದನಿ ತಗ್ಗಿಸಿ. "ಪಟದ ಹಿಂದೆ ಒಂದು ಚೀಟಿ ಉಂಟು."

ಅವರು ನೇರ ಹೋಗಿ ಚೌಕಟ್ಟು ತಿರುಗಿಸಿ, ಕನ್ನಡಕ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು: ಡಚ್, ಹತ್ತೊಂಬತ್ತನೆಯ ಶತಮಾನ, ಚಿತ್ರದಲ್ಲಿರುವ ಹೆಂಗಸು ಯಾರೆಂದು ತಿಳಿದಿಲ್ಲ. ಕೆಳಗೆ ಮೆಲ್ಬರ್ನ್‌ನ ಒಂದು ಹಳೆ ಸಾಮಾನಿನ ಅಂಗಡಿಯ ಮೊಹರು.

"ಹಾಗಾದ್ರೆ ಪ್ರೊಟೆಸ್ಟೆಂಟ್ ಹೆಂಗಸಿಗೆ ಜಪ ಹೇಳಿದ್ದಾ ನಾವು?" ಎಂದು ಯಾರೋ ಕಿಸಕ್ಕೆಂದರು.

"ಇಲ್ಲದಿದ್ರೆ ಇಲ್ಲ ಅನ್ಬೇಕು ಮಗಾ," ಎಂದರು ಆಂಟಿ. "ಅಜ್ಜಿಯನ್ನು ಯಾರಾದ್ರೂ ಅಂಗಡಿಯಿಂದ ತರ್ತಾರಾ?"

ಗೆಳತಿ ಟ್ರೇ ಹಿಡಿದು ನಿಂತೇ ಇದ್ದಳು. ಅವಳ ಮಗಳು ಮೆಲ್ಲಗೆ, "ಮಮ್, ಅವರು ನಮ್ಮವರೇ ಅಂದಿದ್ದೆಯಲ್ಲ," ಎಂದು ಇಂಗ್ಲಿಷಿನಲ್ಲಿ ಅಂದಳು. ತಾಯಿ ಅವಳತ್ತ ತಿರುಗಲಿಲ್ಲ. ನನ್ನನ್ನೇ ನೋಡಿದಳು. ನಾನು ಕೇಕಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

ಆ ಸಂಬಂಧ ಅಲ್ಲಿಗೇ ನಿಂತಿತು. ಮುಂದಿನ ತಿಂಗಳಿಂದ ಗೆಳತಿಯ ಮನೆಯವರು ಜಪಸರಕ್ಕೆ ಬರಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ. ಅಷ್ಟರಲ್ಲಿ ಆಂಟಿ ನನ್ನ ಮಗಳ ಫೋಟೋ ಕೇಳಿ ವಾಟ್ಸಾಪ್ ಮಾಡಿದ್ದರು. ಅವಳು ಚೆನ್ನಾಗಿ ಕಾಣುತ್ತಿದ್ದ ಒಂದೇ ಫೋಟೋದಲ್ಲಿ ಗೆಳತಿಯ ಮಗಳೂ ಇದ್ದಳು. ಆ ಬದಿಯನ್ನು ಕತ್ತರಿಸಿ ಕಳುಹಿಸಿದೆ. ಆ ಹುಡುಗಿಯ ನಾಲ್ಕು ಬೆರಳು ಮಾತ್ರ ನನ್ನ ಮಗಳ ಹೆಗಲ ಮೇಲೆ ಉಳಿದವು.