ಬಿಸಿಲಿನಲ್ಲಿ ಬಂದ ಸ್ವೆಲ್

ಇಂಗ್ಲಿಷಿನ ಪದವೊಂದನ್ನು ಕನ್ನಡಕ್ಕೆ ತರುವ ಮೊದಲು ವಾಸಣ್ಣ ಕಣ್ಣು ಮುಚ್ಚಿ ಅದನ್ನು ನೋಡಿಕೊಳ್ಳುತ್ತಿದ್ದರು. ಮುಂಬೈಯ ನಮ್ಮ ಕನ್ನಡ ಪತ್ರಿಕೆಯ ಸುದ್ದಿ ಸಂಪಾದಕರು; ಮಲ್ಪೆ ಕಡೆಯವರು. ನಿಘಂಟಿನ ಅರ್ಥ ಅವರಿಗೆ ಸಾಲುತ್ತಿರಲಿಲ್ಲ. "ಓದಿದವ ಎಂತ ಮಾಡ್ಬೇಕು, ಅದನ್ನು ಹೇಳು ಮಾರಾಯ್ತಿ" ಎನ್ನುತ್ತಿದ್ದರು.

ಆ ಮಧ್ಯಾಹ್ನ ಬಂದ ಹವಾಮಾನದ ಎಚ್ಚರಿಕೆಯಲ್ಲಿ 'ಸ್ವೆಲ್' ಎಂದಿತ್ತು. ನಾನು 'ಭಾರಿ ಅಲೆಗಳು' ಎಂದು ಬರೆದಿದ್ದೆ.

"ಹಾಗೆ ಬರೆದ್ರೆ ಜನ ಗಾಳಿ ಮಳೆ ಬರ್ಲಿ ಅಂತ ಕಾಯ್ತಾರೆ. ಬಿರುಗಾಳಿ ಎದ್ದದ್ದು ಎಲ್ಲೋ ದೂರದ ಕಡಲಲ್ಲಿ. ಇಲ್ಲಿ ಒಳ್ಳೆ ಬಿಸಿಲು. ನೀರು ಉಬ್ಬಿಕೊಂಡು ಸದ್ದಿಲ್ಲದೆ ಬರ್ತದೆ, ಬಂಡೆ ಹತ್ರ ಬಂದ ಮೇಲೇ ಎದ್ದು ನಿಲ್ಲುದು. ನಮ್ಮ ದೊಡ್ಡಪ್ಪ ಹೋದದ್ದು ಇಂಥ ಬಿಸಿಲಲ್ಲೇ."

ಶೀರ್ಷಿಕೆಯನ್ನು ತಾವೇ ಕೊಟ್ಟರು: 'ಬಿಸಿಲಿದೆಯೆಂದು ಬಂಡೆಗೆ ಇಳಿಯಬೇಡಿ'. ಚಹಾ ತರಿಸಿದರು. ಒಂದು ಗುಟುಕು ಕುಡಿದವರು ಲೋಟ ಕೆಳಗಿಟ್ಟರು.

"ಪೇಪರ್ ಬರುದು ನಾಳೆ. ನಮ್ಮ ಶಿಲ್ಪ ಇವತ್ತೇ ಬಾಂದ್ರಾದ ಕಡಲಿಗೆ ಹೋಗಿದ್ದಾಳೆ, ಫೋಟೋ ತೆಗೀಲಿಕ್ಕೆ. ಪೇಪರ್ ಕೈಗೆ ಬಂದರೂ ಅವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ."

ಮಗಳು ಫೋನ್ ಎತ್ತಲಿಲ್ಲ. ಸಾಂತಾಕ್ರೂಜ್‌ನ ಕಚೇರಿಯಿಂದ ಇಬ್ಬರೂ ರಿಕ್ಷಾ ಹತ್ತಿದೆವು. ದಾರಿಯುದ್ದಕ್ಕೂ ಅವರು ಅದೇ ನಂಬರ್ ಒತ್ತುತ್ತಿದ್ದರು.

ಬಾಂದ್ರಾದಲ್ಲಿ ಇಳಿದಾಗ ಸಮುದ್ರ ಎಣ್ಣೆಯಂತೆ ನುಣ್ಣಗಿತ್ತು. ಕೆಳಗೆ, ನೀರಿನ ಅಂಚಿನ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಶಿಲ್ಪ ಕ್ಯಾಮೆರಾ ಹಿಡಿದಿದ್ದಳು.

"ಮಗಾ, ಮೇಲೆ ಬಾ!"

ಅವಳು ನಕ್ಕು ಕೈಬೀಸಿದಳು. ಮಗಳೊಡನೆ ಕನ್ನಡ ಬಿಟ್ಟು ಬೇರೆ ಮಾತಾಡದವರು ಆಗ ಹಿಂದಿಯಲ್ಲೇ ಗಂಟಲು ಹರಿಯುವಂತೆ ಕೂಗಿದರು: "ಶಿಲ್ಪಾ, ಭಾಗ್! ಪಾನಿ ಆ ರಹಾ ಹೈ!"

ಬರಿಗಾಲಲ್ಲಿ, ಸಿಡುಕುತ್ತಲೇ ಮೇಲೇರಿ ಬಂದಳು. "ಕ್ಯಾ ಪಪ್ಪಾ, ಡ್ರಾಮಾ! ಇತ್ನೀ ಧೂಪ್ ಹೈ!" ಎಂದು ಬಿಸಿಲಿನತ್ತ ಕೈತೋರಿಸಿದಳು.

ಅವಳ ಹಿಂದೆ ನೀರು ಎದ್ದು ನಿಂತಿತು. ಬಂಡೆ ಕಾಣಿಸಲಿಲ್ಲ. ಮತ್ತೆ ಕಂಡಾಗ ಅದರ ಮೇಲೆ ಚಪ್ಪಲಿ ಇರಲಿಲ್ಲ. ವಾಸಣ್ಣ ಅಲ್ಲೇ ಫುಟ್‌ಪಾತ್ ಮೇಲೆ ಕುಳಿತುಬಿಟ್ಟರು. ಮಗಳು ಬಂದು ಪಕ್ಕದಲ್ಲಿ ಕುಳಿತಳು.

ಕಳೆದ ವರ್ಷ ಅವರು ತೀರಿಕೊಂಡರು. ಜೋಗೇಶ್ವರಿಯ ಮನೆಗೆ ಹೋದಾಗ ಶಿಲ್ಪ ಹೇಳಿದಳು: "ಆ ದಿನದಿಂದ ರೋಜ್ ಪಪ್ಪಾನ ಫೋನ್, ಆಂಟಿ. 'ಎಲ್ಲಿದ್ದಿ?' ಬಸ್, ಅಷ್ಟೇ. ನಾನು ಬಯ್ತಿದ್ದೆ."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಬೆಚ್ಚಿಬಿದ್ದು ಎತ್ತಿಕೊಂಡಳು. ಸಾಲ ಬೇಕೇ ಎಂದು ಕೇಳುವ ಯಾವುದೋ ಬ್ಯಾಂಕಿನ ಹುಡುಗಿ. ಶಿಲ್ಪ ಕಟ್ ಮಾಡಲಿಲ್ಲ. ಆ ಕಡೆಯ ಮಾತು ಮುಗಿಯುವವರೆಗೂ ಕಿವಿಗಿಟ್ಟುಕೊಂಡೇ ಕುಳಿತಿದ್ದಳು.